ಹಳೆಯ ಕಾರ್ಟೂನ್‌ಗಳು ಟಿವಿಯಿಂದ ಎಲ್ಲಿಗೆ ಹೋದವು? ಪದೇ ಪದೇ ಕೇಳುವ ಪ್ರಶ್ನೆಗಳು

ಬಗ್ಸ್ ಬನಿ, ಡ್ಯಾಫಿ ಡಕ್, ಟಾಮ್ ಅಂಡ್ ಜೆರ್ರಿ, ಪಾಪೈ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಟಿವಿ ಹಾಕಿದರೆ ಇವರಲ್ಲಿ ಒಬ್ಬರಾದರೂ ಕಾಣಿಸುತ್ತಿದ್ದರು. ಈಗ ಹುಡುಕಿಕೊಂಡು ಹೋಗಬೇಕು. ಇಲ್ಲಿ ಬರುವ ಮಾತು ಹೆಚ್ಚಾಗಿ ಅಮೆರಿಕದ್ದೇ. ಇವು ಹುಟ್ಟಿದ್ದೂ ಅಲ್ಲೇ, ಮರೆಯಾದದ್ದೂ ಮೊದಲು ಅಲ್ಲೇ. ನಮ್ಮ ಮನೆಗಳಿಗೆ ಬಂದ ಕಥೆ ಕೊನೆಯ ಕಡೆ ಇದೆ.

ಹಳೆಯ ಕಾರ್ಟೂನ್ ಅಂದರೆ ಯಾವುವು?

ಮುಖ್ಯವಾಗಿ 1930ರಿಂದ 1960ರ ದಶಕದ ಕೊನೆಯವರೆಗೆ ತಯಾರಾದ ಕಿರುಚಿತ್ರಗಳು. ವಾರ್ನರ್ ಬ್ರದರ್ಸ್‌ನ ಲೂನಿ ಟ್ಯೂನ್ಸ್ ಮತ್ತು ಮೆರಿ ಮೆಲಡೀಸ್, ಎಂಜಿಎಂನ ಟಾಮ್ ಅಂಡ್ ಜೆರ್ರಿ, ಫ್ಲೈಷರ್ ಸ್ಟುಡಿಯೋದ ಪಾಪೈ. ಇವುಗಳ ಜೊತೆಗೆ ಹ್ಯಾನಾ-ಬಾರ್ಬೆರಾ ಕಂಪನಿ ಟಿವಿಗೆಂದೇ ಮಾಡಿದ ಫ್ಲಿಂಟ್‌ಸ್ಟೋನ್ಸ್ (1960), ಸ್ಕೂಬಿ ಡೂ (1969) ತರಹದವನ್ನೂ ಸೇರಿಸಬಹುದು. ಡಿಸ್ನಿಯ ದಾರಿ ಬೇರೆ. ಅದು ತನ್ನ ಸರಕನ್ನು ಕಂಡವರಿಗೆ ಮಾರಲಿಲ್ಲ, ತಾನೇ ಬೀಗ ಹಾಕಿ ಇಟ್ಟುಕೊಂಡು ಬೇಕಾದಾಗ ತೆಗೆಯಿತು. ಹಾಗಾಗಿ ಅದನ್ನು ಇಲ್ಲಿ ಹೆಚ್ಚು ಎಳೆಯುವುದಿಲ್ಲ.

ಇವು ಮಕ್ಕಳಿಗಾಗಿ ಮಾಡಿದವು ತಾನೇ?

ಅಲ್ಲ. ಹ್ಯಾನಾ-ಬಾರ್ಬೆರಾದವನ್ನು ಬಿಟ್ಟರೆ ಇವು ಟಿವಿಗಾಗಿ ಮಾಡಿದವೂ ಅಲ್ಲ. ಥಿಯೇಟರಿನಲ್ಲಿ ಮುಖ್ಯ ಸಿನಿಮಾ ಶುರುವಾಗುವ ಮೊದಲು ನ್ಯೂಸ್‌ರೀಲ್ ಜೊತೆ ತೋರಿಸುತ್ತಿದ್ದ ಆರೇಳು ನಿಮಿಷದ ಚಿತ್ರಗಳು. ಎದುರಿಗೆ ಕೂತವರಲ್ಲಿ ದೊಡ್ಡವರೂ ಬೇಕಾದಷ್ಟು ಜನ ಇರುತ್ತಿದ್ದರು. ಅದಕ್ಕೇ ಅವುಗಳಲ್ಲಿ ಸಿಗಾರ್ ಇದೆ, ಕುಡಿತ ಇದೆ, ಎರಡನೇ ಮಹಾಯುದ್ಧದ ರೇಷನ್ ಬಗ್ಗೆ ತಮಾಷೆ ಇದೆ, ಆ ಕಾಲದ ಹಾಲಿವುಡ್ ನಟರ ಅಣಕ ಇದೆ. 1957ರಲ್ಲಿ ವಾರ್ನರ್‌ನ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ಜರ್ಮನಿಯ ವಾಗ್ನರ್‌ನ ಭಾರಿ ಒಪೆರಾವನ್ನು (ಹಾಡಿನ ನಾಟಕ) ಬಗ್ಸ್ ಬನಿ ಎಂಬ ಮೊಲ ಮತ್ತು ಎಲ್ಮರ್ ಎಂಬ ಬೇಟೆಗಾರನ ಕೈಯಲ್ಲಿ ಆರೇಳು ನಿಮಿಷಕ್ಕೆ ಇಳಿಸಿದರು. ಅದನ್ನು ಐದು ವರ್ಷದ ಮಗುವಿಗಾಗಿ ಮಾಡಿದ್ದು ಅಂತ ಯಾರೂ ಹೇಳಲಾರರು. ಮಗುವೂ ನಗುತ್ತದೆ, ಅದು ಬೇರೆ ವಿಷಯ.

ಹಾಗಾದರೆ ಥಿಯೇಟರಿನಿಂದ ಟಿವಿಗೆ ಬಂದದ್ದು ಹೇಗೆ?

ಅಗ್ಗಕ್ಕೆ ಸಿಕ್ಕವು, ಅದಕ್ಕೇ.

1950ರ ದಶಕದಲ್ಲಿ ಅಮೆರಿಕದಲ್ಲಿ ಊರೂರಿಗೆ ಟಿವಿ ಸ್ಟೇಷನ್‌ಗಳು ಬಂದವು. ದಿನವಿಡೀ ತೋರಿಸಲು ಅವುಗಳ ಹತ್ತಿರ ಏನೂ ಇರಲಿಲ್ಲ. ಸಿನಿಮಾ ಸ್ಟುಡಿಯೋಗಳ ಗೋದಾಮಿನಲ್ಲಿ ಹಳೆಯ ರೀಲು ಬಿದ್ದಿತ್ತು. 1956ರಲ್ಲಿ ಅಸೋಸಿಯೇಟೆಡ್ ಆರ್ಟಿಸ್ಟ್ಸ್ ಪ್ರೊಡಕ್ಷನ್ಸ್ ಎಂಬ ಕಂಪನಿ ವಾರ್ನರ್‌ನ ಹಳೆಯ ಸಿನಿಮಾ ಸಂಗ್ರಹವನ್ನು 2.1 ಕೋಟಿ ಡಾಲರ್‌ಗೆ ಕೊಂಡಿತು. ಅದರ ಜೊತೆ 1948ರ ನಡುವಿನವರೆಗಿನ ಬಣ್ಣದ ಕಾರ್ಟೂನ್‌ಗಳೂ ಬಂದವು. ಪಾಪೈ ಚಿತ್ರಗಳೂ ಅದೇ ಕಂಪನಿಯ ಕೈಗೆ ಹೋದವು. ಅಲ್ಲಿಂದ ಊರಿನ ಸ್ಟೇಷನ್‌ಗಳಿಗೆ ಕಂತೆ ಕಂತೆಯಾಗಿ ಬಾಡಿಗೆಗೆ ಹೋದವು. ಶಾಲೆ ಬಿಡುವ ಹೊತ್ತಿಗೆ ಒಬ್ಬ ನಿರೂಪಕ ನಾವಿಕನ ಟೋಪಿಯನ್ನೋ ಕೌಬಾಯ್ ವೇಷವನ್ನೋ ಹಾಕಿಕೊಂಡು ಬರುತ್ತಿದ್ದ. ಸ್ಟುಡಿಯೋದಲ್ಲಿ ಕೂತ ಮಕ್ಕಳ ಜೊತೆ ನಾಲ್ಕು ಮಾತಾಡಿ ಕಾರ್ಟೂನ್ ಹಾಕುತ್ತಿದ್ದ. ಖರ್ಚು ಇಷ್ಟೇ.

ಅದೇ ಹೊತ್ತಿಗೆ ಎಂಜಿಎಂ ಲೆಕ್ಕ ಹಾಕಿ ನೋಡಿತು. ಹೊಸ ಕಾರ್ಟೂನ್ ಮಾಡಿದರೆ ಬರುವಷ್ಟೇ ಹಣ, ಹೆಚ್ಚು ಕಡಿಮೆ, ಹಳೆಯದನ್ನು ಥಿಯೇಟರಿಗೆ ಮತ್ತೆ ಬಿಟ್ಟರೂ ಬರುತ್ತಿತ್ತು. 1957ರಲ್ಲಿ ಕಾರ್ಟೂನ್ ವಿಭಾಗವನ್ನೇ ಮುಚ್ಚಿಬಿಟ್ಟಿತು. ಟಾಮ್ ಅಂಡ್ ಜೆರ್ರಿಗೆ ಏಳು ಆಸ್ಕರ್ ತಂದುಕೊಟ್ಟಿದ್ದ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಕೆಲಸ ಕಳೆದುಕೊಂಡರು. ಇಬ್ಬರೂ ಸೇರಿ ಟಿವಿಗಾಗಿ ಕಡಿಮೆ ಚಿತ್ರ ಬಿಡಿಸಿ ಜಾಸ್ತಿ ನಿಮಿಷ ತುಂಬುವ ಕಾರ್ಟೂನ್ ಮಾಡತೊಡಗಿದರು. ಪಾತ್ರದ ಬಾಯಿ ಮಾತ್ರ ಅಲ್ಲಾಡುತ್ತದೆ, ಮೈ ಅಲುಗುವುದಿಲ್ಲ, ಹಿಂದಿನ ಅದೇ ಮರ, ಅದೇ ಕಿಟಕಿ ಮತ್ತೆ ಮತ್ತೆ ಬರುತ್ತದೆ. ಗಮನಿಸಿರಬೇಕಲ್ವಾ?

ಶನಿವಾರ ಬೆಳಗಿನ ಕಾರ್ಟೂನ್ ಅಂತ ಅಮೆರಿಕದವರು ಅಷ್ಟೊಂದು ಹೇಳುತ್ತಾರಲ್ಲ, ಅದೇನು?

1960ರ ದಶಕದ ನಡುವಿನಿಂದ ದೇಶದ ಸ್ಟೇಷನ್‌ಗಳಿಗೆ ಕಾರ್ಯಕ್ರಮ ಕೊಡುವ ಎಬಿಸಿ, ಸಿಬಿಎಸ್, ಎನ್‌ಬಿಸಿ ಎಂಬ ಮೂರು ದೊಡ್ಡ ನೆಟ್‌ವರ್ಕ್‌ಗಳು ಶನಿವಾರ ಬೆಳಗಿನ ಹೊತ್ತನ್ನು ಪೂರ್ತಿ ಕಾರ್ಟೂನಿಗೆ ಬಿಟ್ಟವು. ಸಿಹಿ ಸೀರಿಯಲ್ ಮತ್ತು ಆಟಿಕೆ ಕಂಪನಿಗಳಿಗೆ ಇಡೀ ದೇಶದ ಮಕ್ಕಳು ಒಂದೇ ಹೊತ್ತಿಗೆ ಒಂದೇ ಕಡೆ ಸಿಗುತ್ತಿದ್ದರು. ಬಗ್ಸ್ ಬನಿಯ ಕಾರ್ಯಕ್ರಮ 1960ರಲ್ಲಿ ಎಬಿಸಿಯಲ್ಲಿ ರಾತ್ರಿ ಹೊತ್ತು ಶುರುವಾಯಿತು. ಆಮೇಲೆ ಶನಿವಾರಕ್ಕೆ ಸರಿಯಿತು. ಹೆಸರು ಬದಲಾಯಿಸಿಕೊಂಡು, ಎಬಿಸಿಗೂ ಸಿಬಿಎಸ್‌ಗೂ ಓಡಾಡಿಕೊಂಡು 2000ದವರೆಗೆ ಬದುಕಿತು. ತೋರಿಸಿದ್ದೆಲ್ಲ ಹಳೆಯ ಥಿಯೇಟರ್ ಚಿತ್ರಗಳನ್ನೇ. ಅಷ್ಟು ವರ್ಷ ಅಷ್ಟು ಹಳೆಯ ಸರಕು ಓಡಿತು ಅಂದರೆ ನೋಡುವವರು ಇದ್ದರು ಅಂತಲೇ ಅರ್ಥ.

ಇದನ್ನೆಲ್ಲ ಸರ್ಕಾರದ ಕಾನೂನು ಕೊಂದಿತು ಅನ್ನುತ್ತಾರೆ. ನಿಜವಾ?

ಅರ್ಧ ನಿಜ. 1990ರಲ್ಲಿ ಅಮೆರಿಕದಲ್ಲಿ ಮಕ್ಕಳ ಟಿವಿ ಕಾಯ್ದೆ ಬಂತು. ಮಕ್ಕಳ ಕಾರ್ಯಕ್ರಮದಲ್ಲಿ ಗಂಟೆಗೆ ವಾರಾಂತ್ಯದಲ್ಲಿ ಹತ್ತೂವರೆ ನಿಮಿಷ, ಉಳಿದ ದಿನ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ ಎಂದಾಯಿತು. 1996ರಲ್ಲಿ ಟಿವಿ, ರೇಡಿಯೋ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಇನ್ನೊಂದು ನಿಯಮ ತಂದಿತು. ಪ್ರತಿ ಸ್ಟೇಷನ್ ವಾರಕ್ಕೆ ಮೂರು ಗಂಟೆ ಮಕ್ಕಳಿಗೆ ಕಲಿಕೆಯ ಕಾರ್ಯಕ್ರಮ ತೋರಿಸಬೇಕಾಯಿತು. ಮೊಲ ಒಬ್ಬನ ಮುಖಕ್ಕೆ ಕಡುಬು ಎಸೆಯುವುದನ್ನು ಕಲಿಕೆ ಅಂತ ತೋರಿಸಲು ಆಗುತ್ತದೆಯೇ? ಶನಿವಾರ ಬೆಳಗಿನ ಹೊತ್ತು ಪ್ರಾಣಿಗಳ ಬಗೆಗಿನ ಕಾರ್ಯಕ್ರಮಗಳಿಗೆ ಹೋಯಿತು.

ಆದರೆ ವರ್ಷ ನೋಡಿ. ಎನ್‌ಬಿಸಿ ಶನಿವಾರದ ಕಾರ್ಟೂನ್ ಬಿಟ್ಟದ್ದು 1992ರಲ್ಲಿ, ಆ ಮೂರು ಗಂಟೆಯ ನಿಯಮಕ್ಕೂ ಮುಂಚೆ. ಯಾಕೆಂದರೆ ಮಕ್ಕಳು ಆಗಲೇ ಕೇಬಲ್ಲಿಗೆ ಹೋಗುತ್ತಿದ್ದರು. ನಿಕೆಲೋಡಿಯನ್ 1979ರಿಂದ ಇತ್ತು. ವಿಡಿಯೋ ಗೇಮ್ ಮನೆಗೆ ಬಂದಿತ್ತು. ಮಕ್ಕಳಿಲ್ಲದಿದ್ದರೆ ಜಾಹೀರಾತಿಲ್ಲ. ನೆಟ್‌ವರ್ಕ್‌ಗಳಿಗೆ ಆ ಹೊತ್ತು ಹೊರೆಯಾಗಿತ್ತು. ಕಾನೂನು ಅವುಗಳಿಗೆ ಒಳ್ಳೆಯ ನೆಪ ಕೊಟ್ಟಿತು ಅಂತ ನನ್ನ ಅನಿಸಿಕೆ. ಫಾಕ್ಸ್ 2008ರ ಕೊನೆಯಲ್ಲಿ ಮಕ್ಕಳ ಕಾರ್ಯಕ್ರಮ ನಿಲ್ಲಿಸಿ ಆ ಹೊತ್ತಿನ ಒಂದು ಪಾಲನ್ನು ಸಾಮಾನು ಮಾರುವ ಉದ್ದ ಜಾಹೀರಾತಿಗೆ ಕೊಟ್ಟಿತು. ದೊಡ್ಡ ನೆಟ್‌ವರ್ಕ್‌ಗಳ ಪೈಕಿ ಕೊನೆಯದಾಗಿ ಸಿಡಬ್ಲ್ಯೂ 2014ರ ಸೆಪ್ಟೆಂಬರ್ 27ರಂದು ತನ್ನ ಶನಿವಾರದ ಕಾರ್ಟೂನ್ ಮುಗಿಸಿತು.

ಶಾಲೆ ಬಿಟ್ಟ ಮೇಲೆ ಊರಿನ ಸ್ಟೇಷನ್‌ನಲ್ಲಿ ಬರುತ್ತಿದ್ದವು?

ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಆದರೆ ಹಳೆಯ ಕಾರ್ಟೂನ್‌ಗಳ ನಿಜವಾದ ಮನೆ ಅದೇ ಆಗಿತ್ತು.

ಮೊದಲ ಪೆಟ್ಟು ನಿರೂಪಕರಿಗೆ ಬಿತ್ತು. 1968ರಲ್ಲಿ ಬಾಸ್ಟನ್ ಕಡೆಯ ಪೆಗಿ ಚಾರೆನ್ ಮತ್ತು ಅವರ ಜೊತೆಗಾರ್ತಿಯರು ಮಕ್ಕಳ ಟಿವಿಗಾಗಿ ಒಂದು ಹೋರಾಟದ ಸಂಘಟನೆ ಕಟ್ಟಿದರು. ಮಕ್ಕಳು ನಂಬುವ ನಿರೂಪಕನೇ ಕಾರ್ಯಕ್ರಮದ ನಡುವೆ ತಿಂಡಿ, ಆಟಿಕೆ ಮಾರುವುದು ಸರಿಯಲ್ಲ ಎಂದರು. 1970ರ ದಶಕದಲ್ಲಿ ಅದಕ್ಕೆ ತಡೆ ಬಿತ್ತು. ಆ ಜಾಹೀರಾತೇ ನಿರೂಪಕನ ಸಂಬಳ ಆಗಿತ್ತು. ಒಬ್ಬೊಬ್ಬರಾಗಿ ಮನೆಗೆ ಹೋದರು. ಚಾರೆನ್ ಹೇಳಿದ್ದು ತಪ್ಪು ಅಂತ ಹೇಳಲಾರೆ.

ಎರಡನೇ ಪೆಟ್ಟು 1983ರಲ್ಲಿ ಹಿ-ಮ್ಯಾನ್ ರೂಪದಲ್ಲಿ ಬಂತು. ಆಟಿಕೆ ಕಂಪನಿಯ ಬೆಂಬಲದಿಂದ 65 ಕಂತು ಒಟ್ಟಿಗೆ ತಯಾರಾಯಿತು, ವಾರಕ್ಕೆ ಐದು ದಿನ ಹಾಕಲು. ಅಲ್ಲಿಂದ ಮುಂದೆ ಇಂಥವು ಸಾಲುಗಟ್ಟಿ ಬಂದವು. ಎಷ್ಟೋ ಕಡೆ ಸ್ಟೇಷನ್ ಹಣ ಕೊಡಬೇಕಿರಲಿಲ್ಲ, ಜಾಹೀರಾತಿನ ಸಮಯದಲ್ಲಿ ಪಾಲು ಕೊಟ್ಟರೆ ಸಾಕು. ಹಳೆಯ ಕಾರ್ಟೂನಿಗೆ ಬಾಡಿಗೆ ಕಟ್ಟಬೇಕು, ಇದಕ್ಕೆ ಕಟ್ಟಬೇಕಿಲ್ಲ. ಅಗ್ಗದ ಸರಕನ್ನು ಇನ್ನೂ ಅಗ್ಗದ ಸರಕು ತಳ್ಳಿತು.

ಆಮೇಲೆ ಈ ಸ್ವತಂತ್ರ ಸ್ಟೇಷನ್‌ಗಳೇ ಫಾಕ್ಸ್, ಡಬ್ಲ್ಯೂಬಿ ಮುಂತಾದ ಹೊಸ ನೆಟ್‌ವರ್ಕ್‌ಗಳ ಕೆಳಗೆ ಹೋದವು. ಸಂಜೆಯ ಹೊತ್ತಿಗೆ ನೆಟ್‌ವರ್ಕ್ ಕೊಟ್ಟದ್ದನ್ನೇ ಹಾಕಬೇಕಾಯಿತು. ಈಗ ಆ ಹೊತ್ತಿನಲ್ಲಿ ಮಾತುಕತೆ, ಕೋರ್ಟ್ ಜಗಳ, ಸುದ್ದಿ.

ಜನಾಂಗೀಯ ಗೇಲಿ ಇದೆ ಅಂತ ನಿಷೇಧಿಸಿದ್ದಕ್ಕೆ ತಾನೇ ಮಾಯವಾದದ್ದು?

ಕೆಲವು ಹಾಗೆ ಹೋದವು, ಎಲ್ಲವೂ ಅಲ್ಲ. 1968ರಲ್ಲಿ, ವಾರ್ನರ್‌ನ ಹಳೆಯ ಸಂಗ್ರಹ ಆ ಹೊತ್ತಿಗೆ ಸೇರಿದ್ದ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ, ಅದರ 11 ಕಾರ್ಟೂನ್‌ಗಳನ್ನು ಟಿವಿಯಿಂದ ಹಿಂದಕ್ಕೆ ತೆಗೆದುಕೊಂಡಿತು. ಕಪ್ಪು ಜನರ ಬಗೆಗಿನ ಕೀಳು ಚಿತ್ರಣ ಅವುಗಳಲ್ಲಿ ಎಷ್ಟು ತುಂಬಿತ್ತೆಂದರೆ ಕತ್ತರಿಸಿದರೆ ಉಳಿಯುವುದೇನೂ ಇರಲಿಲ್ಲ. ಲೂನಿ ಟ್ಯೂನ್ಸ್ ಮತ್ತು ಮೆರಿ ಮೆಲಡೀಸ್ ಸೇರಿದರೆ ಸಾವಿರದಷ್ಟು ಚಿತ್ರಗಳಿವೆ. ಅದರಲ್ಲಿ 11 ಎಷ್ಟು ಭಾಗ ಅಂತ ನೀವೇ ನೋಡಿ.

ಟಾಮ್ ಅಂಡ್ ಜೆರ್ರಿಯಲ್ಲಿ ಕಾಲು ಮಾತ್ರ ಕಾಣಿಸುವ ಕಪ್ಪು ಮನೆಗೆಲಸದಾಕೆ ನೆನಪಿದ್ದಾಳಾ? 1960ರ ದಶಕದಲ್ಲಿ ಟಿವಿಗಾಗಿ ಕೆಲವು ಚಿತ್ರಗಳಲ್ಲಿ ಆಕೆಯನ್ನು ಬಿಳಿಯ ಹೆಂಗಸಾಗಿ ಮತ್ತೆ ಬಿಡಿಸಿದರು. ಇನ್ನು ಕೆಲವದರಲ್ಲಿ ದನಿ ಬದಲಾಯಿಸಿದರು.

ಸ್ಪೀಡಿ ಗೊನ್ಸಾಲೆಸ್ ಎಂಬ ಮೆಕ್ಸಿಕೋದ ಇಲಿಯ ಕಥೆ ಇದಕ್ಕೆ ತಿರುವುಮುರುವು. ಮೆಕ್ಸಿಕೋದ ಜನರಿಗೆ ಅವಮಾನ ಎಂದು 1999ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಆ ಇಲಿಯನ್ನು ಕೆಳಗಿಳಿಸಿತು. ಲ್ಯಾಟಿನ್ ಅಮೆರಿಕನ್ ಮೂಲದವರ ಸಂಘಟನೆಯೇ ಅದರ ಪರ ನಿಂತಿತು. ಎಲ್ಲರಿಗಿಂತ ಚುರುಕಾದ, ಯಾವಾಗಲೂ ಗೆಲ್ಲುವ ಇಲಿ ನಮ್ಮದು, ಯಾಕೆ ತೆಗೆಯುತ್ತೀರಿ ಅಂತ. 2002ರಲ್ಲಿ ಇಲಿ ವಾಪಸ್ ಬಂತು.

ಬಂದೂಕು, ಡೈನಮೈಟ್ ಕತ್ತರಿಸಿದ್ದು?

ಹೌದು, 1960ರ ದಶಕದ ಕೊನೆಯ ನಂತರ ಟಿವಿಯಲ್ಲಿ ಹಿಂಸೆಯ ಬಗ್ಗೆ ಗಲಾಟೆ ಜೋರಾದಾಗ ನೆಟ್‌ವರ್ಕ್‌ಗಳು ಕತ್ತರಿ ಹಿಡಿದವು. ಎಲ್ಮರ್ ಬಂದೂಕು ಎತ್ತುತ್ತಾನೆ, ಮರುಕ್ಷಣ ಡ್ಯಾಫಿಯ ಕೊಕ್ಕು ತಲೆಯ ಹಿಂದೆ ಇರುತ್ತದೆ, ನಡುವೆ ಏನಾಯಿತು ಅಂತಲೇ ತಿಳಿಯುವುದಿಲ್ಲ. ಹಾಸ್ಯದ ತಾಳ ಕೆಟ್ಟುಹೋಗುತ್ತದೆ. ನನ್ನನ್ನು ಕೇಳಿದರೆ, ಅರ್ಧ ಕತ್ತರಿಸಿ ತೋರಿಸುವುದಕ್ಕಿಂತ ತೋರಿಸದೆ ಇರುವುದೇ ವಾಸಿ.

ಕಾರ್ಟೂನ್ ನೆಟ್‌ವರ್ಕ್ ಇತ್ತಲ್ಲ, ಅದು ಯಾಕೆ ಉಳಿಸಲಿಲ್ಲ?

ಇಡೀ ಕಥೆಯ ಗಂಟು ಇಲ್ಲೇ ಇರುವುದು. ಸ್ವಲ್ಪ ನಿಧಾನಕ್ಕೆ ನೋಡೋಣ.

ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ 1986ರಲ್ಲಿ ಎಂಜಿಎಂ ಕಂಪನಿಯನ್ನು ಕೊಂಡರು. ಸಾಲ ತಡೆಯಲಾರದೆ ಬಹುಪಾಲನ್ನು ಬೇಗ ಮಾರಿದರು, ಸಿನಿಮಾ ಸಂಗ್ರಹ ಮಾತ್ರ ಇಟ್ಟುಕೊಂಡರು. ಅದರೊಳಗೆ ಟಾಮ್ ಅಂಡ್ ಜೆರ್ರಿ, ಜೊತೆಗೆ ಕೈಯಿಂದ ಕೈಗೆ ಹೋಗಿ ಎಂಜಿಎಂ ಸೇರಿದ್ದ ಪಾಪೈ, ವಾರ್ನರ್‌ನ 1948ರವರೆಗಿನ ಬಣ್ಣದ ಕಾರ್ಟೂನ್‌ಗಳು ಎಲ್ಲ ಇದ್ದವು. 1991ರಲ್ಲಿ ಹ್ಯಾನಾ-ಬಾರ್ಬೆರಾವನ್ನೂ ಕೊಂಡರು. ಇಷ್ಟು ಸರಕು ಕೈಯಲ್ಲಿದ್ದರೆ ಚಾನೆಲ್ ಮಾಡದೆ ಇರುತ್ತಾರೆಯೇ? 1992ರ ಅಕ್ಟೋಬರ್ 1ರಂದು ಕಾರ್ಟೂನ್ ನೆಟ್‌ವರ್ಕ್ ಶುರುವಾಯಿತು. ಮೊದಲ ವರ್ಷಗಳಲ್ಲಿ ಅದು ಓಡಿದ್ದೇ ಹಳೆಯ ಸರಕಿನ ಮೇಲೆ. 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್ ಜೊತೆ ಸೇರಿತು. ಆಗ 1948ರ ನಂತರದ ಲೂನಿ ಟ್ಯೂನ್ಸ್ ಕೂಡ ಅದೇ ಮನೆಗೆ ಬಂತು.

ಕೇಳಲು ಒಳ್ಳೆಯದೇ. ಆದರೆ ಅಮೆರಿಕದ ಹಳೆಯ ಕಾರ್ಟೂನ್‌ಗಳಲ್ಲಿ ಡಿಸ್ನಿ ಬಿಟ್ಟರೆ ದೊಡ್ಡ ಪಾಲು ಒಂದೇ ಕಂಪನಿಯ ಕೈಗೆ ಹೋಯಿತು. ಮೊದಲು ನೂರಾರು ಸ್ಟೇಷನ್‌ಗಳು ಬಾಡಿಗೆಗೆ ತಂದು ತೋರಿಸುತ್ತಿದ್ದವು. ಈಗ ತನ್ನ ಚಾನೆಲ್‌ನಲ್ಲಿ ಇರುವುದನ್ನು ಬೇರೆಯವರಿಗೆ ಯಾಕೆ ಕೊಡಬೇಕು ಅಂತ ಆಯಿತು. ಬಗ್ಸ್ ಬನಿ ಎಬಿಸಿಯಿಂದ 2000ದಲ್ಲಿ ಇಳಿದದ್ದೂ ಇದೇ ಹೊತ್ತಿಗೆ.

ಅಷ್ಟರಲ್ಲಿ ಕಾರ್ಟೂನ್ ನೆಟ್‌ವರ್ಕ್‌ಗೆ ತನ್ನದೇ ಹೊಸ ಕಾರ್ಟೂನ್‌ಗಳು ಸಿಕ್ಕವು. 1996ರ ಡೆಕ್ಸ್ಟರ್ಸ್ ಲ್ಯಾಬೊರೇಟರಿ ಮೊದಮೊದಲಿನವುಗಳಲ್ಲಿ ಒಂದು. ಹೊಸ ಪಾತ್ರ ಬಂದರೆ ಹೊಸ ಆಟಿಕೆ, ಹೊಸ ಬ್ಯಾಗು, ಹೊಸ ಸಿನಿಮಾ. 2000ದ ಏಪ್ರಿಲ್ 1ರಂದು ಹಳೆಯದಕ್ಕೆಲ್ಲ ಬೂಮರಾಂಗ್ ಎಂಬ ಬೇರೆ ಚಾನೆಲ್ ಮಾಡಿದರು. ಮನೆಯ ಹಿರಿಯರಿಗೆ ಹಿತ್ತಲ ಕೋಣೆ ಕೊಟ್ಟ ಹಾಗೆ. ಎಷ್ಟೋ ಕೇಬಲ್ ಪ್ಯಾಕೇಜಿನಲ್ಲಿ ಆ ಚಾನೆಲ್ ಇರಲೇ ಇಲ್ಲ. ಆಮೇಲೆ ಅದರೊಳಗೂ ಹೊಸದು ತುಂಬಿತು.

ಸ್ಟ್ರೀಮಿಂಗ್ ಬಂದ ಮೇಲೆ ಎಲ್ಲವೂ ಸಿಗಬೇಕಿತ್ತು ಅಲ್ವಾ?

ಹಾಗೇ ಎಲ್ಲರೂ ಅಂದುಕೊಂಡಿದ್ದರು. 2020ರ ಮೇ ತಿಂಗಳಲ್ಲಿ ವಾರ್ನರ್ ಕಂಪನಿಯದೇ ಸ್ಟ್ರೀಮಿಂಗ್ ಸೇವೆ ಎಚ್‌ಬಿಒ ಮ್ಯಾಕ್ಸ್ ಶುರುವಾದಾಗ ಲೂನಿ ಟ್ಯೂನ್ಸ್ ನೂರಾರು ಸಂಖ್ಯೆಯಲ್ಲಿ ಅಲ್ಲಿತ್ತು. 2022ರಲ್ಲಿ ಕಂಪನಿ ಡಿಸ್ಕವರಿ ಜೊತೆ ಸೇರಿತು. ಸಾಲದ ಹೊರೆ, ಖರ್ಚು ಕಡಿತ. ಆ ವರ್ಷದ ಕೊನೆಗೆ 1950ರ ನಂತರದ ಚಿತ್ರಗಳು ಹೋದವು. 2024ರಲ್ಲಿ ಬೂಮರಾಂಗ್‌ನ ಸ್ಟ್ರೀಮಿಂಗ್ ಸೇವೆ ಮುಚ್ಚಿತು. 2025ರಲ್ಲಿ ಉಳಿದ ಹಳೆಯ ಲೂನಿ ಟ್ಯೂನ್ಸ್ ಕೂಡ ಮ್ಯಾಕ್ಸ್‌ನಿಂದ ಕೆಳಗಿಳಿಯಿತು. ಮಾಡಿದ ಕಂಪನಿಯದೇ ಆ್ಯಪ್‌ನಲ್ಲಿ ಅದರ ಅತ್ಯಂತ ಹೆಸರುವಾಸಿ ಚಿತ್ರಗಳಿಗೆ ಜಾಗ ಇಲ್ಲ. ಅದೇ ವರ್ಷ ಅವು ಟ್ಯೂಬಿ ಎಂಬ ಬೇರೆ ಕಂಪನಿಯ ಉಚಿತ ಸೇವೆಗೆ ಹೋದವು, ಜಾಹೀರಾತಿನ ಜೊತೆ. ಒಂದು ರೀತಿಯಲ್ಲಿ 1956ಕ್ಕೇ ವಾಪಸ್.

ಆ್ಯಪ್‌ನಲ್ಲಿ ಇನ್ನೊಂದು ತೊಂದರೆ ಇದೆ. ಟಿವಿಯಲ್ಲಿ ಇವು ಕೇಳದೆಯೇ ಬಂದು ಕೂರುತ್ತಿದ್ದವು. ಆ್ಯಪ್‌ನಲ್ಲಿ ಹೆಸರು ಗೊತ್ತಿದ್ದವರು ಮಾತ್ರ ಹುಡುಕುತ್ತಾರೆ. ಎಂಟು ವರ್ಷದ ಹುಡುಗ ತಾನಾಗಿ ಡ್ಯಾಫಿ ಡಕ್ ಅಂತ ಟೈಪ್ ಮಾಡುತ್ತಾನೆಯೇ?

ನಮ್ಮ ದೇಶಕ್ಕೆ ಇವು ಬಂದದ್ದು ಯಾವಾಗ?

1995ರ ಮೇ 1ರಂದು ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು. ಅದಕ್ಕೆ ಮುಂಚೆ ದೂರದರ್ಶನದಲ್ಲಿ ಹಿ-ಮ್ಯಾನ್, ಡಕ್ ಟೇಲ್ಸ್, ಹಿಂದಿ ಮಾತಾಡುವ ಮೋಗ್ಲಿ ಇದ್ದರು. ಕೇಬಲ್ ಹಾಕಿಸಿಕೊಂಡ ಮನೆಗಳಲ್ಲಿ ಹಗಲು ಕಾರ್ಟೂನ್, ಕತ್ತಲಾದ ಮೇಲೆ ಅದೇ ಚಾನೆಲ್‌ನಲ್ಲಿ ಟಿಎನ್‌ಟಿ ಹೆಸರಿನಲ್ಲಿ ಹಳೆಯ ಇಂಗ್ಲಿಷ್ ಸಿನಿಮಾ. ಎರಡೂ ಟರ್ನರ್ ಕಂಪನಿಯ ಸಂಗ್ರಹದಿಂದಲೇ ಬರುತ್ತಿದ್ದವು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕೇಬಲ್ ಮನೆಗಳ ಮಕ್ಕಳು 1940ರ ದಶಕದ ಟಾಮ್‌ನನ್ನು 1990ರ ದಶಕದ ಹೊಸ ಕಾರ್ಟೂನ್ ಅಂತ ನೋಡಿ ಬೆಳೆದರು. ಅದಕ್ಕೆ ಕಾರಣ 1986ರ ಆ ವ್ಯಾಪಾರ.

ಇಲ್ಲಿ ಯಾಕೆ ಕಡಿಮೆಯಾದವು?

ಹೊಸ ಸರಕು ಹತ್ತಿರದ್ದಾಗಿತ್ತು. 2000ದ ದಶಕದ ನಡುವೆ ಡೊರೆಮಾನ್, ಶಿನ್‌ಚಾನ್ ಬಂದರು. 2008ರಲ್ಲಿ ಪೋಗೊದಲ್ಲಿ ಛೋಟಾ ಭೀಮ್, 2012ರಲ್ಲಿ ನಿಕ್‌ನಲ್ಲಿ ಮೋಟು ಪತ್ಲು. ಲಡ್ಡು, ಸಮೋಸಾ, ನಮ್ಮ ಹಬ್ಬ, ಅರ್ಥವಾಗುವ ಮಾತು. ಡ್ಯಾಫಿ ಡಕ್‌ನ ತಮಾಷೆ ಇರುವುದೇ ಇಂಗ್ಲಿಷ್ ಮಾತಿನ ಓಟದಲ್ಲಿ. ಅದು ಇಲ್ಲಿ ಎಂದೂ ಬೇರು ಬಿಡಲಿಲ್ಲ. ಟಾಮ್ ಅಂಡ್ ಜೆರ್ರಿಗೆ ಮಾತೇ ಬೇಕಿಲ್ಲ, ಸ್ಕಾಟ್ ಬ್ರಾಡ್ಲಿಯ ಸಂಗೀತವೇ ಎಲ್ಲ ಹೇಳುತ್ತದೆ. ಅದಕ್ಕೇ ಅವರಿಬ್ಬರು ಇಲ್ಲಿ ಹೆಚ್ಚು ಕಾಲ ನಿಂತರು.

ಕನ್ನಡದಲ್ಲಿ ಯಾಕೆ ಬರಲಿಲ್ಲ?

ಡಬ್ಬಿಂಗ್ ಬೇಡ ಎಂಬ ಅಘೋಷಿತ ನಿಯಮ ಕನ್ನಡ ಚಿತ್ರರಂಗದಲ್ಲಿ ದಶಕಗಳ ಕಾಲ ಇತ್ತು. ಟಿವಿಗೂ ಅದರ ಬಿಸಿ ತಟ್ಟಿತ್ತು. ಮಕ್ಕಳಿಗೆಂದು ಉದಯ ಬಳಗದ ಚಿಂಟು ಟಿವಿ ಶುರುವಾದದ್ದು 2009ರಲ್ಲಿ. ಅಲ್ಲಿ ಕಾರ್ಟೂನ್‌ಗಳು ಕನ್ನಡ ಮಾತಾಡಿದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಹೇಳಿತು. ಅಷ್ಟರಲ್ಲಿ ಬಗ್ಸ್ ಬನಿಯ ಕಾಲ ಮುಗಿದಿತ್ತು. ಧಾರವಾಡದ ಕನ್ನಡದಲ್ಲಿ ಆ ಮೊಲ ಎಲ್ಮರ್‌ನನ್ನು ಕಿಚಾಯಿಸುವುದನ್ನು ಸುಮ್ನೆ ಊಹಿಸಿಕೊಳ್ಳಿ. ನಮಗೆ ತಪ್ಪಿಹೋದದ್ದು ಅದು.

ಕಾಪಿರೈಟ್ ಹಕ್ಕಿನ ಅವಧಿ ಮುಗಿದರೆ ಯಾರು ಬೇಕಾದರೂ ತೋರಿಸಬಹುದಾ?

ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ 95 ವರ್ಷ. 1928ರ ಮಿಕ್ಕಿ ಮೌಸ್ ಚಿತ್ರ ಸ್ಟೀಮ್‌ಬೋಟ್ ವಿಲ್ಲಿ 2024ರ ಜನವರಿ 1ರಂದು ಎಲ್ಲರದಾಯಿತು. ಹಕ್ಕನ್ನು ನವೀಕರಿಸದೆ ಬಿಟ್ಟ ಕೆಲವು ಮೊದಲೇ ಎಲ್ಲರ ಪಾಲಾಗಿದ್ದವು. 1936ರ ಪಾಪೈ ಮತ್ತು ಸಿಂದಬಾದ್ ಚಿತ್ರ, 1940ರ ದಶಕದ ಮೊದಲ ವರ್ಷಗಳ ಫ್ಲೈಷರ್ ಸೂಪರ್‌ಮ್ಯಾನ್ ಅಂಥವು. ಕಡಿಮೆ ಬೆಲೆಯ ಸಿಡಿಗಳಲ್ಲಿ ಅವೇ ಮತ್ತೆ ಮತ್ತೆ ಸಿಗುತ್ತಿದ್ದದ್ದು ಅದಕ್ಕೇ. ಇನ್ನು ಬಗ್ಸ್ ಬನಿ 1940ರವನು. ಕಾಯಬೇಕು.

ಈಗ ಟಿವಿಯಲ್ಲಿ ಎಲ್ಲೂ ಇಲ್ಲವಾ?

ಇದೆ, ಅದೂ ಆಂಟೆನಾದಲ್ಲಿ! ಅಮೆರಿಕದ ಟಿವಿ 2009ರಲ್ಲಿ ಡಿಜಿಟಲ್ ಆದ ಮೇಲೆ ಒಂದೇ ಸ್ಟೇಷನ್ ಹಲವು ಉಪಚಾನೆಲ್ ಕೊಡುವ ಹಾಗಾಯಿತು. ಷಿಕಾಗೋದ ವೈಗಲ್ ಎಂಬ ಕಂಪನಿ ಹಳೆಯ ಧಾರಾವಾಹಿಗಳ ಮಿಟಿವಿ ನಡೆಸುತ್ತದೆ. 2021ರ ಜನವರಿಯಲ್ಲಿ ಅದು ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ನಿರೂಪಕನೂ ಗೊಂಬೆಯೂ ಇರುವ ಕಾರ್ಟೂನ್ ಕಾರ್ಯಕ್ರಮ ಶುರು ಮಾಡಿತು, ಥೇಟ್ 1950ರ ದಶಕದ ಹಾಗೆ. 2024ರ ಜೂನ್ 25ರಂದು ಮಿಟಿವಿ ಟೂನ್ಸ್ ಎಂಬ ಇಡೀ ಚಾನೆಲ್ ಬಂತು, ವಾರ್ನರ್ ಜೊತೆಗಿನ ಒಪ್ಪಂದದಲ್ಲಿ. ಅಮೆರಿಕದಲ್ಲಿರುವ ಕನ್ನಡಿಗರು ಕಡಿಮೆ ಬೆಲೆಯ ಒಂದು ಆಂಟೆನಾ ತಂದು ಚಾನೆಲ್ ಸ್ಕ್ಯಾನ್ ಮಾಡಿ ನೋಡಿ. ಸಿಗುವುದು ಬಿಡುವುದು ನೀವಿರುವ ಊರಿನ ಮೇಲೆ ಹೋಗುತ್ತದೆ, ಸಿಕ್ಕರೆ ಬಿಲ್ಲಿಲ್ಲ.

ಮಕ್ಕಳಿಗೆ ತೋರಿಸಬೇಕು, ಎಲ್ಲಿಂದ ಶುರು ಮಾಡಲಿ?

ಪೂರ್ತಿ ಚಿತ್ರ ಬೇಕೆಂದರೆ ಡಿವಿಡಿ, ಬ್ಲೂರೇ ಒಳ್ಳೆಯದು. 2003ರಿಂದ 2008ರವರೆಗೆ ಬಂದ ಲೂನಿ ಟ್ಯೂನ್ಸ್ ಗೋಲ್ಡನ್ ಕಲೆಕ್ಷನ್ ಡಿವಿಡಿಗಳಲ್ಲಿ ಟಿವಿಯವರ ಕತ್ತರಿ ಇಲ್ಲ. ಅಂತರ್ಜಾಲದಲ್ಲಿ ಸಿಗುವ ತುಣುಕುಗಳು ಎಷ್ಟೋ ಸಲ ಮೇಲೆ ಕೆಳಗೆ ಕತ್ತರಿಸಿ ಅಗಲ ಮಾಡಿದವು. ಚೌಕದ ಪರದೆಗೆ ಬಿಡಿಸಿದ ಚಿತ್ರದಲ್ಲಿ ತಲೆ ಹಾರಿಹೋಗಿರುತ್ತದೆ. ಚಿಕ್ಕ ಮಕ್ಕಳಿಗೆ 1940ರ ದಶಕದ ಟಾಮ್ ಅಂಡ್ ಜೆರ್ರಿ. ಪ್ರಾಗ್‌ನಲ್ಲಿ 1961-62ರಲ್ಲಿ ಮಾಡಿದ 13 ಚಿತ್ರಗಳನ್ನು ಮೊದಲಿಗೇ ತೋರಿಸಬೇಡಿ, ಅವು ವಿಚಿತ್ರವಾಗಿವೆ. ಸ್ವಲ್ಪ ದೊಡ್ಡವರಾದರೆ ಜೋನ್ಸ್‌ನ ರೋಡ್ ರನ್ನರ್. ಪಿಯಾನೋ ಕಲಿಯುವ ಮಗು ಮನೆಯಲ್ಲಿದ್ದರೆ, ಟಾಮ್ ಕೋಟು ಹಾಕಿಕೊಂಡು ಸಂಗೀತಗಾರ ಲಿಸ್ಟ್‌ನ ಹಂಗೇರಿಯನ್ ರಾಪ್ಸೊಡಿ ನುಡಿಸುವ ಚಿತ್ರ ಹಾಕಿ. ಅದಕ್ಕೆ ಆಸ್ಕರ್ ಬಂತು. ಅದೇ ಹೊತ್ತಿಗೆ ವಾರ್ನರ್‌ನವರು ಬಗ್ಸ್ ಬನಿ ಕೈಯಲ್ಲಿ ಅದೇ ಸಂಗೀತ ನುಡಿಸಿದ್ದರು, ಅಲ್ಲೂ ಪಿಯಾನೋದೊಳಗೆ ಒಂದು ಇಲಿ. ನಮ್ಮದನ್ನು ಕದ್ದರು ಅಂತ ಎರಡೂ ಕಡೆಯವರು ಜಗಳವಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ.